ಗೊಬ್ಬರದ ಕಾರ್ಖಾನೆ ಬರಲಿ, ಜೂನ್ 1ರ ವರದಿಯೂ ಪಂಚಾಯಿತಿಗೆ ಬರಲಿ

2025ರ ಮುಂಗಾರಿನಲ್ಲಿ ಯೂರಿಯಾಕ್ಕಾಗಿ ನಮ್ಮ ಕೊಪ್ಪಳ ಜಿಲ್ಲೆಯ ರೈತರು ಪಾಳಿ ನಿಂತಿದ್ದನ್ನು ಇಡೀ ರಾಜ್ಯ ನೋಡಿದೆ. ಗೊಬ್ಬರ ಸಿಗದ ಸಿಟ್ಟಿಗೆ ರೈತರೊಬ್ಬರು ಮಣ್ಣು ತಿಂದ ವಿಡಿಯೋ ಎಲ್ಲರ ಮೊಬೈಲಿನಲ್ಲೂ ಓಡಾಡಿತು. ಆಗಿನಿಂದ ನಮ್ಮ ಬಂಧುಬಳಗದ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ವಾದ. ಕಾರಟಗಿ ಕಡೆಯ ನೀರಾವರಿಯವರು ‘ನಮ್ಮ ಕಡೆನೇ ಒಂದು ಗೊಬ್ಬರದ ಫ್ಯಾಕ್ಟರಿ ಹಾಕ್ಲಿ, ಇಡೀ ರಾಜ್ಯಕ್ಕೆ ಯೂರಿಯಾ ಮಾಡೋದು ಪಣಂಬೂರಿನಾಗ ಮಾತ್ರ ಯಾಕಿರ್ಬೇಕು’ ಅನ್ನುತ್ತಾರೆ. ಗಿಣಿಗೇರಿ ಕಡೆಯವರು ‘ಇರೋ ಫ್ಯಾಕ್ಟರಿ ಧೂಳೇ ಸಾಕಾಗೇತಿ, ಇನ್ನೊಂದು ಬ್ಯಾಡ್ರಪ್ಪೋ’ ಅನ್ನುತ್ತಾರೆ. ಇಬ್ಬರೂ ನಮ್ಮವರೇ. ಇಬ್ಬರ ಮಾತಿನಲ್ಲೂ ನೋವಿದೆ.

ನನ್ನ ಅಭಿಪ್ರಾಯ ಕೇಳಿದವರಿಗೆ ಗ್ರೂಪಿನಲ್ಲಿ ಎರಡು ಸಾಲಿನಲ್ಲಿ ಹೇಳಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ತಲೆಬರಹದ ‘ಜೂನ್ 1ರ ವರದಿ’ ಅಂದರೆ, ಅನುಮತಿ ಪಡೆದ ಕಾರ್ಖಾನೆ ತನಗೆ ಹಾಕಿದ ಷರತ್ತುಗಳನ್ನು ಎಷ್ಟು ಪಾಲಿಸಿದೆ ಅಂತ ಕೊಡುವ ಲೆಕ್ಕ. ಅದರ ಮಾತು ಕೊನೆಯಲ್ಲಿ ಬರುತ್ತದೆ.

ಬೇಕೋ ಬೇಡವೋ ಅನ್ನೋದಕ್ಕಿಂತ ಮೊದಲು ಯಾವ ಗೊಬ್ಬರದ ಕಾರ್ಖಾನೆ ಅಂತ ಕೇಳಬೇಕು. ಯೂರಿಯಾ ಮಾಡಲು ನೈಸರ್ಗಿಕ ಅನಿಲ ಬೇಕು, ಅದರಿಂದ ಮೊದಲು ಅಮೋನಿಯಾ ತಯಾರಾಗುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಅದನ್ನು ಮೈನಸ್ 33 ಡಿಗ್ರಿಗೆ ತಣ್ಣಗೆ ಮಾಡಿ ದ್ರವವಾಗಿ ಟ್ಯಾಂಕಿನಲ್ಲಿ ಇಡುತ್ತಾರೆ. ಸೋರಿದರೆ ಕಣ್ಣು, ಗಂಟಲು, ಶ್ವಾಸಕೋಶ ಎಲ್ಲವನ್ನೂ ಸುಡುತ್ತದೆ. ಉತ್ತರ ಪ್ರದೇಶದ ಫೂಲ್‌ಪುರದಲ್ಲಿ 2020ರ ಡಿಸೆಂಬರ್‌ನಲ್ಲಿ ಹೀಗೆ ಸೋರಿ ಯೂರಿಯಾ ಕಾರ್ಖಾನೆಯ ಇಬ್ಬರು ಸತ್ತರು. ಚೆನ್ನೈ ಹತ್ತಿರದ ಎನ್ನೂರಿನಲ್ಲಿ 2023ರ ಡಿಸೆಂಬರ್‌ನಲ್ಲಿ ಗೊಬ್ಬರದ ಕಾರ್ಖಾನೆಗೆ ಅಮೋನಿಯಾ ತರುವ ಪೈಪು ನಡುರಾತ್ರಿ ಸೋರಿತು. ಮೀನುಗಾರರ ಕುಟುಂಬಗಳು ಮಕ್ಕಳನ್ನು ಎತ್ತಿಕೊಂಡು ಓಡಿದವು.

ರಂಜಕದ ಗೊಬ್ಬರದ ಕಥೆ ಬೇರೆ. ಕಲ್ಲಿನ ಪುಡಿಗೆ ಗಂಧಕಾಮ್ಲ ಹಾಕಿ ಸೂಪರ್ ಫಾಸ್ಫೇಟ್ ಮಾಡುವಾಗ ಫ್ಲೋರೈಡ್ ಇರುವ ಅನಿಲ ಹೊರಬರುತ್ತದೆ. ಅದನ್ನು ನೀರಿನಲ್ಲಿ ತೊಳೆದು ಹಿಡಿಯಬೇಕು. ಈಗ ನೆನಪು ಮಾಡಿಕೊಳ್ಳಿ, ನಮ್ಮ ಕುಷ್ಟಗಿ, ಯಲಬುರ್ಗಾ ಕಡೆಯ ಬೋರ್‌ವೆಲ್ ನೀರಿನಲ್ಲಿ ಮೊದಲೇ ಫ್ಲೋರೈಡ್ ಜಾಸ್ತಿ. ಹಲ್ಲು ಕಂದಾದ ಮಕ್ಕಳು, ಮಂಡಿ ನೋವಿನ ಹಿರಿಯರು ಎಷ್ಟೋ ಮನೆಗಳಲ್ಲಿ ಇದ್ದಾರೆ. ಕಾರ್ಖಾನೆ ಬರುವ ಮೊದಲಿನ ನೀರಿನ ಪರೀಕ್ಷೆ ಸರಿಯಾಗಿ ಆಗದಿದ್ದರೆ, ನಾಳೆ ಏನು ಹೆಚ್ಚಾಯಿತು, ಯಾರಿಂದ ಹೆಚ್ಚಾಯಿತು ಅಂತ ಯಾರೂ ಹೇಳಲಾರರು. ಇನ್ನು ಫಾಸ್ಫಾರಿಕ್ ಆಮ್ಲವನ್ನೇ ಮಾಡುವ ದೊಡ್ಡ ಕಾರ್ಖಾನೆಯಾದರೆ, ಒಂದು ಟನ್ ಆಮ್ಲಕ್ಕೆ ಸುಮಾರು ಐದು ಟನ್ ಫಾಸ್ಫೋಜಿಪ್ಸಮ್ ಅನ್ನುವ ತ್ಯಾಜ್ಯ ಬೀಳುತ್ತದೆ. ಟುನೀಷಿಯಾದ ಗಾಬೆಸ್ ಊರಿನಲ್ಲಿ ದಶಕಗಳ ಕಾಲ ಇದನ್ನು ಸಮುದ್ರಕ್ಕೇ ಬಿಟ್ಟರು. 2025ರ ಅಕ್ಟೋಬರ್‌ನಲ್ಲಿ ಅಲ್ಲಿನ ಕಾರ್ಖಾನೆಯ ಅನಿಲದಿಂದ ಶಾಲೆ ಮಕ್ಕಳು ಉಸಿರಾಡಲು ಕಷ್ಟಪಟ್ಟು ಆಸ್ಪತ್ರೆ ಸೇರಿದ ಮೇಲೆ ಊರಿಗೆ ಊರೇ ಬೀದಿಗಿಳಿಯಿತು. ನಮ್ಮ ಹತ್ತಿರ ಸಮುದ್ರ ಇಲ್ಲ. ಆ ತ್ಯಾಜ್ಯದ ಗುಡ್ಡ ನಮ್ಮ ಹೊಲಗಳ ಪಕ್ಕದಲ್ಲೇ ಬೆಳೆಯುತ್ತದೆ.

ನೀರಿನ ಮಾತೂ ಇದೆ. ತುಂಗಭದ್ರಾ ಜಲಾಶಯ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ 105ರ ಆಸುಪಾಸಿಗೆ ಬಂದಿದೆ. ಎಡದಂಡೆ ಕಾಲುವೆಯ ಕೊನೆಯ ಭಾಗದ ಮಾನ್ವಿ, ಸಿರವಾರ ರೈತರಿಗೆ ಎರಡನೇ ಬೆಳೆಗೆ ನೀರು ಸಿಗುತ್ತದೋ ಇಲ್ಲವೋ ಅನ್ನುವ ಚಿಂತೆ ತಪ್ಪಿಲ್ಲ. ಹೊಸ ಕಾರ್ಖಾನೆ ಯಾರ ಪಾಲಿನ ನೀರು ಕುಡಿಯುತ್ತದೆ?

ಇಂಥ ಪ್ರಶ್ನೆಗಳನ್ನು ಕೇಳಲೆಂದೇ ಪರಿಸರ ಮತ್ತು ಸಾಮಾಜಿಕ ಪರಿಶೀಲನೆ ಇರುವುದು. ಹಿಂದುಳಿದ ದೇಶಗಳ ಕಾರ್ಖಾನೆಗಳಿಗೆ ಸಾಲ ಕೊಡುವ ವಿಶ್ವಬ್ಯಾಂಕ್ ಗುಂಪಿನ ಐಎಫ್‌ಸಿಗೆ ಎಂಟು ಮಾನದಂಡಗಳಿವೆ. ಕಾರ್ಮಿಕರು, ಮಾಲಿನ್ಯ, ಊರಿನ ಜನರ ಆರೋಗ್ಯ, ಭೂಸ್ವಾಧೀನ ಎಲ್ಲ ಅದರಲ್ಲಿ ಬರುತ್ತವೆ. ಅಪಾಯ ಜಾಸ್ತಿ ಇರುವ ‘ಎ’ ವರ್ಗದ ಯೋಜನೆಯಾದರೆ ಆಡಳಿತ ಮಂಡಳಿ ಒಪ್ಪಿಗೆ ಕೊಡುವ 60 ದಿನ ಮೊದಲೇ ಪರಿಶೀಲನೆಯ ಸಾರಾಂಶವನ್ನು ಜನರ ಮುಂದಿಡಬೇಕು. ಏನೇನು ಸರಿಮಾಡಬೇಕು, ಯಾವ ತಾರೀಕಿನೊಳಗೆ ಅನ್ನುವ ಪಟ್ಟಿಯೂ ಇರುತ್ತದೆ. ನನಗೆ ಇಡೀ ವ್ಯವಸ್ಥೆಯಲ್ಲಿ ತುಂಬಾ ಬೆಲೆಯುಳ್ಳದ್ದು ಅನ್ನಿಸುವುದು ಈ ಪಟ್ಟಿಯೇ. ನೈಜೀರಿಯಾದ ಪೋರ್ಟ್ ಹಾರ್ಕೋರ್ಟ್ ಹತ್ತಿರ ಎಲೆಮೆ ಅನ್ನುವಲ್ಲಿ ಐಎಫ್‌ಸಿ ಸಾಲದಿಂದ ಬೆಳೆದ ದೊಡ್ಡ ಯೂರಿಯಾ ಕಾರ್ಖಾನೆ ಇದೆ. ಅದರ ಪಕ್ಕದ, ಅದೇ ಗುಂಪಿನ ಪೆಟ್ರೋಕೆಮಿಕಲ್ ಕಂಪನಿಯಲ್ಲಿ ಸುತ್ತಲಿನ ಊರುಗಳಿಗೇ ಶೇ 7.5 ಷೇರು ಇದೆ. ನಮ್ಮ ಪಕ್ಕದ ಬಳ್ಳಾರಿಯ ಕುಡತಿನಿ, ವೇಣಿವೀರಾಪುರ, ಹರಗಿನಡೋಣಿಯಲ್ಲಿ ಉಕ್ಕಿನ ಕಾರ್ಖಾನೆಗಳ ಹೆಸರಿನಲ್ಲಿ 2010ರ ಸುಮಾರಿಗೆ ಸಾವಿರಾರು ಎಕರೆ ಹೋಯಿತು. ಹೇಳಿದ ಕಾರ್ಖಾನೆ ಬರಲಿಲ್ಲ. ಸರಿಯಾದ ಬೆಲೆ ಕೊಡಿ, ಇಲ್ಲ ಭೂಮಿ ವಾಪಸ್ ಕೊಡಿ ಅಂತ ಆ ರೈತರು 2022ರ ಡಿಸೆಂಬರ್‌ನಿಂದ ಧರಣಿಗೆ ಕೂತರು. ಊರಿಗೆ ಷೇರು ಅನ್ನುವ ಮಾತು ನಮ್ಮ ಕಡೆ ಯಾರ ಬಾಯಲ್ಲೂ ಬಂದದ್ದು ನಾನು ಕೇಳಿಲ್ಲ.

ಹಾಗಂತ ಸಾಲ ಕೊಡುವವರನ್ನು ಪೂರ್ತಿ ನಂಬಿ ಕೂರುವಂತಿಲ್ಲ. ಗುಜರಾತಿನ ಮುಂದ್ರಾದಲ್ಲಿ ಐಎಫ್‌ಸಿ ಸಾಲ ಪಡೆದ ವಿದ್ಯುತ್ ಸ್ಥಾವರದಿಂದ ತೊಂದರೆಯಾದ ಮೀನುಗಾರರು ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋದರು. 2019ರಲ್ಲಿ ಐಎಫ್‌ಸಿಗೆ ಮೊಕದ್ದಮೆಗಳಿಂದ ಸಂಪೂರ್ಣ ರಕ್ಷಣೆ ಇಲ್ಲ ಅಂತ ಕೋರ್ಟು ಹೇಳಿತು. ಆದರೆ ಕೊನೆಗೆ ಮೊಕದ್ದಮೆ ಕೆಳಗಿನ ಕೋರ್ಟಿನಲ್ಲಿ ನಿಲ್ಲಲಿಲ್ಲ.

ನಮ್ಮ ದೇಶದ ಕಾನೂನಿನಲ್ಲೂ ದಾರಿಗಳಿವೆ. 2006ರ ಪರಿಸರ ಪರಿಣಾಮ ಅಧಿಸೂಚನೆ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿ ಸಾರ್ವಜನಿಕ ಆಲಿಕೆ ಸಭೆ ಮಾಡಬೇಕು. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಹಿರಿಯ ಅಧಿಕಾರಿ ಕೂರಬೇಕು, ಎಲ್ಲ ವಿಡಿಯೋ ಆಗಬೇಕು, ಕೊನೆಗೆ ನಡಾವಳಿಯನ್ನು ಜನರ ಭಾಷೆಯಲ್ಲಿ ಓದಿ ಹೇಳಬೇಕು. ನಾನು ಹೋಗಿದ್ದ ಒಂದು ಸಭೆಯಲ್ಲಿ ಇಂಗ್ಲಿಷ್ ವರದಿ ದಪ್ಪ ಪುಸ್ತಕವಾಗಿತ್ತು. ಕನ್ನಡದ್ದು ಕೆಲವೇ ಹಾಳೆ. ಅದರಲ್ಲೂ ಗಾಳಿ ಯಾವ ದಿಕ್ಕಿಗೆ ಬೀಸುತ್ತದೆ, ಯಾವ ಊರಿನ ಮೇಲೆ ಹೊಗೆ ಬೀಳುತ್ತದೆ ಅನ್ನುವ ಪುಟವೇ ಇರಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜ ಎದ್ದು ‘ಸಾಹೇಬ್ರ, ನಮ್ಮ ಹುಡುಗರಿಗೆ ಕೆಲಸ ಕೊಡ್ತೀರೇನ್ರಿ, ಇಲ್ಲ ಬರೇ ಹೊಗಿ ಕೊಡ್ತೀರೇನ್ರಿ?’ ಅಂತ ಕೇಳಿದರು. ‘ಪರಿಶೀಲಿಸುತ್ತೇವೆ’ ಅಂತ ಉತ್ತರ ಬಂತು. ಆ ಅಜ್ಜನ ಮುಖ ನನಗೆ ಈಗಲೂ ಸಂಕಟ ಕೊಡುತ್ತದೆ.

ನಮ್ಮವರು ಸಭೆಗೆ ಹೋಗುತ್ತಾರೆ, ಮಾತಾಡುತ್ತಾರೆ, ಹೋರಾಟವನ್ನೂ ಮಾಡುತ್ತಾರೆ. ಉಕ್ಕಿನ ಕಾರ್ಖಾನೆ ವಿಸ್ತರಣೆ ಬೇಡ ಅಂತ 2025ರ ಫೆಬ್ರವರಿಯಲ್ಲಿ ಕೊಪ್ಪಳ ಬಂದ್ ಆಯಿತು. ಗವಿಮಠದ ಸ್ವಾಮೀಜಿಯವರೂ ಬಂದು ಮಾತಾಡಿದರು. ನಾವು ಕೈಬಿಡುವುದು ಕಾರ್ಖಾನೆಗೆ ಪರಿಸರ ಅನುಮತಿ ಸಿಕ್ಕ ಮೇಲೆ. ಅನುಮತಿ ಪತ್ರದಲ್ಲಿ ಷರತ್ತುಗಳ ದೊಡ್ಡ ಪಟ್ಟಿಯೇ ಇರುತ್ತದೆ. ಕಾರ್ಖಾನೆ ಸುತ್ತ ಗಿಡಮರ ಬೆಳೆಸಬೇಕು, ಚಿಮಣಿಗೆ ಅಳತೆ ಯಂತ್ರ ಕೂರಿಸಬೇಕು, ಬೋರ್‌ವೆಲ್ ನೀರು ಪರೀಕ್ಷೆ ಮಾಡಿಸಬೇಕು, ಹೀಗೆ. ಅವುಗಳಲ್ಲಿ ಏನೇನು ಮಾಡಿದೆವು ಅಂತ ಕಂಪನಿ ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ವರದಿ ಕೊಡಲೇಬೇಕು ಅಂತ ಅದೇ 2006ರ ಅಧಿಸೂಚನೆ ಹೇಳುತ್ತದೆ. ಆ ವರದಿ ಸಾರ್ವಜನಿಕ ದಾಖಲೆ. ಅರ್ಜಿ ಕೊಟ್ಟ ಯಾರಿಗಾದರೂ ಪ್ರತಿ ಕೊಡಬೇಕು. ಹೊಲದ ಮೇಲೆ ಕರಿ ಧೂಳು ಬೀಳುವ ಊರುಗಳಲ್ಲಿ ಎಷ್ಟು ಪಂಚಾಯಿತಿಗಳು ಇದನ್ನು ಕೇಳಿ ತರಿಸಿಕೊಂಡಿವೆ? ನಾನು ವಿಚಾರಿಸಿದ ಸದಸ್ಯರಿಗೆ ಹೀಗೊಂದು ವರದಿ ಇದೆ ಅಂತಲೇ ಗೊತ್ತಿರಲಿಲ್ಲ. ತಪ್ಪು ಅವರದಲ್ಲ, ಯಾರೂ ಹೇಳಿಲ್ಲ.

ಹಾಗಾಗಿ ಗ್ರೂಪಿನ ಎರಡೂ ಕಡೆಯವರಿಗೆ ನನ್ನ ಉತ್ತರ ಇದು. ಗೊಬ್ಬರ ನಮಗೆ ಬೇಕು, ಕಾರ್ಖಾನೆಯನ್ನು ಕಣ್ಣುಮುಚ್ಚಿ ವಿರೋಧಿಸುವವನು ನಾನಲ್ಲ. ಆದರೆ ಈಗಾಗಲೇ ಇರುವ ಕಾರ್ಖಾನೆಗಳ ಧೂಳು, ಹೊಗೆ, ನೀರಿನ ಲೆಕ್ಕವನ್ನೂ ಸೇರಿಸಿ ನೋಡದ ವರದಿಯನ್ನು ಒಪ್ಪಬೇಡಿ. ಪೂರ್ತಿ ವರದಿ ಕನ್ನಡದಲ್ಲಿ ಕೊಡಿ ಅಂತ ಸಭೆಗೆ ಮೊದಲೇ ಬರೆದು ಕೇಳಿ. ಷರತ್ತುಗಳ ಪಟ್ಟಿ ಪಂಚಾಯಿತಿ ಗೋಡೆಗೆ ಅಂಟಲಿ. ಅಮೋನಿಯಾ ಇರುವ ಕಡೆಯಾದರೆ ಸೈರನ್ ಆದಾಗ ಯಾವ ದಿಕ್ಕಿಗೆ ಓಡಬೇಕು ಅಂತ ಶಾಲೆ ಮಕ್ಕಳಿಗೂ ಕಲಿಸಿರಬೇಕು.

ಗಿಣಿಗೇರಿ, ಹಾಲವರ್ತಿ, ಕುಡತಿನಿ, ರಾಯಚೂರಿನ ಶಕ್ತಿನಗರ ಕಡೆ ಇರುವವರು ಈ ಸಲದ ವರದಿಗೆ ಅರ್ಜಿ ಹಾಕುವುದಾದರೆ ನನಗೆ ಮೆಸೇಜ್ ಮಾಡಿ. ಅರ್ಜಿ ನಾನು ಬರೆದುಕೊಡುತ್ತೇನೆ. ಬಂದ ವರದಿಯನ್ನು ಕನ್ನಡದಲ್ಲಿ ಓದಿ ಹೇಳಲು ಇಂಗ್ಲಿಷ್ ಬಲ್ಲ ಇಬ್ಬರು ಮೇಷ್ಟ್ರು ಒಪ್ಪಿದ್ದಾರೆ.