ಹೊಸ ಟಾಕೀಸು ಬಂದರೆ ಚಿತ್ರ ಸಮಾಜ ಯಾಕೆ ಮುಚ್ಚಬೇಕು?

ನಮ್ಮ ಪೇಟೆಯ ಹಳೇ ಟಾಕೀಸ್ ಮುಚ್ಚಿ ಎಷ್ಟೋ ವರ್ಷಗಳಾದ ಮೇಲೆ ಈಗ ಎರಡು ಪರದೆಯ ಪುಟ್ಟ ಚಿತ್ರಮಂದಿರ ಬಂದಿದೆ. ಒಳ್ಳೆಯ ಸೀಟು, ಒಳ್ಳೆಯ ಸೌಂಡು, ಶುಚಿಯಾದ ಶೌಚಾಲಯ. ಶೌಚಾಲಯದ ಮಾತನ್ನು ಬೇಕೆಂದೇ ಬರೆದೆ. ನಮ್ಮ ಕಡೆ ಹೆಣ್ಣುಮಕ್ಕಳು ಟಾಕೀಸಿಗೆ ಹೋಗುವುದನ್ನು ಬಿಟ್ಟಿದ್ದಕ್ಕೆ ಟೀವಿಯಷ್ಟೇ ಅದೂ ಕಾರಣ. ಈಗ ಸಂಜೆ ಶೋಗೆ ಅತ್ತೆ ಸೊಸೆಯರು ಒಟ್ಟಿಗೆ ಹೋಗಿ ಬರುತ್ತಿದ್ದಾರೆ. ನನಗೆ ಇದು ನಿಜವಾಗಿ ಖುಷಿ ಕೊಟ್ಟಿದೆ.

ನಮ್ಮೂರಲ್ಲಿ ಒಂದು ಚಿತ್ರ ಸಮಾಜವೂ ಇದೆ. ಫಿಲ್ಮ್ ಸೊಸೈಟಿ ಅನ್ನುತ್ತಾರಲ್ಲ, ಚಂದಾ ಕಟ್ಟಿ ಒಟ್ಟಿಗೆ ಕೂತು ಸಿನಿಮಾ ನೋಡಿ ಮಾತಾಡುವ ಬಳಗ, ಅದು. ಆದರೆ ಹೊಸ ಚಿತ್ರಮಂದಿರ ಬಾಗಿಲು ತೆರೆದಾಗಿನಿಂದ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ. "ಇನ್ನು ನಿಮ್ಮ ಚಿತ್ರ ಸಮಾಜ ಯಾಕ್ರೀ ಬೇಕು? ಕಾಲೇಜು ಹಾಲಿನ ಪ್ಲಾಸ್ಟಿಕ್ ಕುರ್ಚಿಲಿ ಯಾರು ಬಂದು ಕೂರ್ತಾರೆ?" ಹೀಗೆ ಕೇಳುವವರಲ್ಲಿ ಸಮಾಜದ ಹಳೆಯ ಸದಸ್ಯರೂ ಇದ್ದಾರೆ. ಇನ್ನು ಕೆಲವರದು ಇದಕ್ಕೆ ತದ್ವಿರುದ್ಧ ವಾದ. ನಾವೂ ಪೈಪೋಟಿಗೆ ಬೀಳಬೇಕಂತೆ. ದೊಡ್ಡ ಪ್ರೊಜೆಕ್ಟರ್ ಕೊಳ್ಳಬೇಕು, ಹೊಸ ಹೊಸ ಸಿನಿಮಾ ತರಬೇಕು, ಅವರು ಶೋ ಹಾಕುವ ಹೊತ್ತಿಗೇ ನಾವೂ ಹಾಕಬೇಕು. ಎರಡೂ ನನಗೆ ಒಪ್ಪಿಗೆಯಿಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಪುರುಸೊತ್ತು ಮಾಡಿಕೊಂಡು ಓದಿ.

ಮೊದಲು ಚಿತ್ರಮಂದಿರದ ಕಷ್ಟ ನೋಡೋಣ. ಅದರ ಬದುಕು ಶುಕ್ರವಾರದಿಂದ ಗುರುವಾರಕ್ಕೆ. ಹೊಸ ಚಿತ್ರಕ್ಕೆ ಶನಿವಾರ, ಭಾನುವಾರ ಜನ ಬಂದರೆ ಸರಿ, ಇಲ್ಲದಿದ್ದರೆ ಸೋಮವಾರಕ್ಕೇ ಶೋ ಕಡಿಮೆಯಾಗುತ್ತದೆ, ಮುಂದಿನ ಶುಕ್ರವಾರಕ್ಕೆ ಚಿತ್ರವೇ ಇರುವುದಿಲ್ಲ. ಸ್ಟಾರ್ ಇಲ್ಲದ ಕನ್ನಡ ಚಿತ್ರಕ್ಕೆ ಸಿಗುವುದು ಬೆಳಗ್ಗೆ ಹತ್ತೂವರೆಯ ಒಂದು ಆಟ. ಆ ಹೊತ್ತಿಗೆ ತಾಲ್ಲೂಕು ಕೇಂದ್ರದಲ್ಲಿ ಸಿನಿಮಾ ನೋಡಲು ಬಿಡುವಾಗಿರುವವರು ಯಾರು? ಶಾಲೆ, ಆಫೀಸು, ತೋಟ, ಅಂಗಡಿ ಎಲ್ಲ ಆಗ ತಾನೇ ಶುರುವಾಗಿರುತ್ತವೆ. ಹೀಗೆ ನಾಲ್ಕು ದಿನ ಖಾಲಿ ಸೀಟುಗಳಿಗೆ ಓಡಿ, "ಜನ ಬರಲಿಲ್ಲ" ಎಂಬ ಹಣೆಪಟ್ಟಿ ಹೊತ್ತು ಚಿತ್ರ ಹೊರಡುತ್ತದೆ.

ಇದಕ್ಕೆ ಮಾಲೀಕರನ್ನು ಬೈದು ಪ್ರಯೋಜನವಿಲ್ಲ. ಕರೆಂಟ್ ಬಿಲ್ಲು, ಸಿಬ್ಬಂದಿ ಸಂಬಳ, ಬ್ಯಾಂಕಿನ ಕಂತು ಯಾವುದೂ ಖಾಲಿ ಸೀಟಿಗೆ ವಿನಾಯಿತಿ ಕೊಡುವುದಿಲ್ಲ. ಇಷ್ಟ ಬಂದ ಸಿನಿಮಾ ಹಾಕುವ ಸ್ವಾತಂತ್ರ್ಯವೂ ಅವರಿಗಿಲ್ಲ. ರೀಲಿನ ಕಾಲ ಹೋಗಿ ಈಗ ಬರುವುದು ಡಿಜಿಟಲ್ ಫೈಲು. ಅದಕ್ಕೊಂದು ಬೀಗ. ಬೀಗದ ಕೀಲಿಯೂ ಒಂದು ಫೈಲೇ, ಕೆಡಿಎಂ ಅನ್ನುತ್ತಾರೆ. ಇಂಥ ಯಂತ್ರದಲ್ಲಿ, ಇಂಥ ದಿನದಿಂದ ಇಂಥ ದಿನದವರೆಗೆ ಮಾತ್ರ ಅದು ತೆರೆಯುತ್ತದೆ. ಹಳೇ ಕಾಲದಲ್ಲಿ ಪೆಟ್ಟಿಗೆ ಬಂದಿಲ್ಲ ಅಂತ ಶೋ ನಿಂತರೆ ಈಗ ಕೀಲಿ ಬಂದಿಲ್ಲ ಅಂತ ನಿಲ್ಲುತ್ತದೆ. ಹೀಗೆ ಕೈಕಾಲು ಕಟ್ಟಿಸಿಕೊಂಡ ವ್ಯಾಪಾರದ ಜೊತೆ ಒಂದು ಬಳಗ ಸ್ಪರ್ಧೆಗಿಳಿಯುವುದರಲ್ಲಿ ಅರ್ಥವೇ ಇಲ್ಲ.

ಇನ್ನು ಇತಿಹಾಸ. ನಮ್ಮಲ್ಲಿ ಚಿತ್ರ ಸಮಾಜಗಳು ಹುಟ್ಟಿದ್ದು ಸಿನಿಮಾ ಸಿಗದ ಊರುಗಳಲ್ಲಿ ಅಂತ ಹಲವರು ಅಂದುಕೊಂಡಿದ್ದಾರೆ. ಸತ್ಯಜಿತ್ ರೇ ಮತ್ತು ಗೆಳೆಯರು 1947ರಲ್ಲಿ ಫಿಲ್ಮ್ ಸೊಸೈಟಿ ಕಟ್ಟಿದ್ದು ಕಲ್ಕತ್ತೆಯಲ್ಲಿ. ಆ ಊರಿಗೆ ಟಾಕೀಸುಗಳ ಬರವಿತ್ತೇ? 1971ರಲ್ಲಿ ಸುಚಿತ್ರಾ ಫಿಲ್ಮ್ ಸೊಸೈಟಿ ಶುರುವಾಗಿದ್ದು ಬೆಂಗಳೂರಿನಲ್ಲಿ, ಮೆಜೆಸ್ಟಿಕ್ಕಿನ ಸಾಲು ಸಾಲು ಥಿಯೇಟರುಗಳು ತುಂಬಿ ತುಳುಕುತ್ತಿದ್ದ ಕಾಲದಲ್ಲಿ. 1973ರಲ್ಲಿ ಕೆ.ವಿ. ಸುಬ್ಬಣ್ಣನವರು ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿದಾಗಲೂ ಬಸ್ಸು ಹತ್ತಿದರೆ ಸಾಗರ ಪೇಟೆ ಹತ್ತಿರದಲ್ಲೇ ಇತ್ತು. ಟಾಕೀಸು ತೋರಿಸದೆ ಬಿಟ್ಟ ಸಿನಿಮಾ ನೋಡಬೇಕು, ನೋಡಿದ ಮೇಲೆ ಅದರ ಬಗ್ಗೆ ಮಾತಾಡಬೇಕು ಎಂಬ ಹಸಿವಿನಿಂದ ಹುಟ್ಟಿದವು ಇವೆಲ್ಲ.

ಹೆಗ್ಗೋಡಿನ ಕಥೆ ನನಗೆ ಎಷ್ಟು ಹೇಳಿದರೂ ಸಾಲದು. ಹಳೆಯ ಚಿತ್ರಗಳನ್ನು ಕಾಪಿಡುವ ಪುಣೆಯ ರಾಷ್ಟ್ರೀಯ ಫಿಲ್ಮ್ ಆರ್ಕೈವ್‌ನಿಂದ ರೀಲಿನ ಡಬ್ಬಗಳು ಮಲೆನಾಡಿನ ಆ ಹಳ್ಳಿಗೆ ಬರುತ್ತಿದ್ದವು. ಆರ್ಕೈವ್ ಕಟ್ಟಿದ ಪಿ.ಕೆ. ನಾಯರ್, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಮೇಷ್ಟ್ರು ಸತೀಶ್ ಬಹಾದ್ದೂರ್ ಅವರಂಥವರು ಅಲ್ಲಿಯ ಜನರ ಜೊತೆ ಕೂತು ಸಿನಿಮಾ ಕುರಿತು ಮಾತಾಡಿದರು. ಅಡಿಕೆ ಸುಲಿಯುವವರು, ಮೇಷ್ಟ್ರುಗಳು, ಮನೆಯ ಹೆಂಗಸರು ಜಪಾನಿನ, ಇಟಲಿಯ ಚಿತ್ರ ನೋಡಿದರು. 1980ರ ದಶಕದಲ್ಲಿ 'ಜನಸ್ಪಂದನ' ಎಂಬ ಯೋಜನೆಯಲ್ಲಿ ನಾಟಕ ತರಬೇತಿಯ ಜೊತೆಗೇ ಈ ಚಿತ್ರಗಳೂ ಬೇರೆ ಬೇರೆ ಊರುಗಳಿಗೆ ಹೋದವು. ಹಳ್ಳಿಯವರಿಗೆ ಇಂಥದ್ದು ಅರ್ಥವಾಗುವುದಿಲ್ಲ ಎಂಬ ಪೇಟೆಯವರ ನಂಬಿಕೆಗೆ ಇದಕ್ಕಿಂತ ದೊಡ್ಡ ಉತ್ತರ ಕರ್ನಾಟಕದಲ್ಲಿ ಯಾರೂ ಕೊಟ್ಟಿಲ್ಲ. ಇಂದಿಗೂ ನಮ್ಮೂರಲ್ಲಿ "ಇದು ನಮ್ಮ ಜನಕ್ಕೆ ಹಿಡಿಸಲ್ಲ" ಅಂತ ಯಾರಾದರೂ ಅಂದಾಗ ನನಗೆ ನಿಜವಾಗಿ ಸಿಟ್ಟು ಬರುತ್ತದೆ.

ಹಾಗಾದರೆ ಅಷ್ಟೊಂದು ಚಿತ್ರ ಸಮಾಜಗಳು ಆಮೇಲೆ ಸೊರಗಿದ್ದು ಯಾಕೆ? ಟಾಕೀಸಿನಿಂದಲ್ಲ. ಟೀವಿ ಬಂತು, ವಿಡಿಯೋ ಕ್ಯಾಸೆಟ್ ಬಂತು, ಆಮೇಲೆ ಡಿವಿಡಿ, ಈಗ ಮೊಬೈಲು. ಸಿಗದ ಸಿನಿಮಾ ತೋರಿಸುವುದೊಂದನ್ನೇ ನಂಬಿಕೊಂಡಿದ್ದ ಸಮಾಜಗಳು ಅದೆಲ್ಲ ಮನೆಯಲ್ಲೇ ಸಿಗತೊಡಗಿದಾಗ ಖಾಲಿಯಾದವು. ಸೆನ್ಸಾರ್ ಕತ್ತರಿ ಬೀಳದ ವಿದೇಶಿ ಚಿತ್ರ ನೋಡಲೆಂದೇ ಸದಸ್ಯರಾಗಿದ್ದವರಂತೂ ಎಲ್ಲರಿಗಿಂತ ಮೊದಲು ಹೋದರು. ಮುಚ್ಚದೆ ಉಳಿದುಕೊಂಡ ಸಮಾಜಗಳಲ್ಲಿ ಚಿತ್ರ ಮುಗಿದ ಮೇಲೂ ಜನ ಎದ್ದು ಹೋಗದೆ ಕೂತಿದ್ದರು.

ನಮ್ಮ ಹಾಲಿನಲ್ಲೇ ನಡೆದದ್ದು ಹೇಳುತ್ತೇನೆ. ಒಂದು ಇರಾನಿ ಚಿತ್ರದಲ್ಲಿ ಒಬ್ಬ ಮನುಷ್ಯ ಬಹಳ ಹೊತ್ತು ಸುಮ್ಮನೆ ರಸ್ತೆಯಲ್ಲಿ ನಡೆಯುತ್ತಾನೆ. ಮುಗಿದ ಮೇಲೆ ಡಿಗ್ರಿ ಓದುವ ಹುಡುಗನೊಬ್ಬ ಎದ್ದು ನಿಂತು, "ಸರ್, ಏನೂ ಆಗಲ್ವಲ್ಲ ಇದರಲ್ಲಿ, ಅಷ್ಟುದ್ದ ಯಾಕೆ ತೋರಿಸಬೇಕು?" ಅಂದ. ಹಿಂದಿನ ಸಾಲಿನಲ್ಲಿ ಟೈಲರಿಂಗ್ ಮಾಡುವ ಅಕ್ಕ ಒಬ್ಬರಿದ್ದರು, ಯಾವತ್ತೂ ಬಾಯಿ ಬಿಟ್ಟವರಲ್ಲ. "ನಮ್ಮಪ್ಪ ಆಸ್ಪತ್ರೆಯಿಂದ ರಿಪೋರ್ಟ್ ತಗೊಂಡು ಹೀಗೇ ನಡ್ಕೊಂಡು ಬಂದಿದ್ರು ಕಣಪ್ಪ. ಬಸ್ಸು ಇತ್ತು, ಹತ್ತಲಿಲ್ಲ" ಅಂದರು. ಆಮೇಲೆ ಮುಕ್ಕಾಲು ಗಂಟೆ ಮಾತು ನಡೆಯಿತು. ಹುಡುಗ ಕೊನೆಗೂ ಆ ದೃಶ್ಯ ಉದ್ದವಾಯಿತು ಅಂತಲೇ ವಾದಿಸಿದ, ಅವನ ವಾದದಲ್ಲೂ ಹುರುಳಿತ್ತು. ಹೊಸ ಚಿತ್ರಮಂದಿರ ಎಷ್ಟೇ ಚೆನ್ನಾಗಿರಲಿ, ಚಿತ್ರ ಮುಗಿದ ಹದಿನೈದು ನಿಮಿಷಕ್ಕೆ ಅಲ್ಲಿ ಕಸ ಗುಡಿಸಿ ಮುಂದಿನ ಶೋಗೆ ಬಾಗಿಲು ತೆರೆಯಲೇಬೇಕು. ಈ ಮಾತಿಗೆ ಅಲ್ಲಿ ಜಾಗವಿಲ್ಲ, ಇರಲಿಕ್ಕೂ ಸಾಧ್ಯವಿಲ್ಲ.

ಕೇರಳದವರು ಇದನ್ನು ನಮಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡರು. ನಿರ್ದೇಶಕ ಅಡೂರ್ ಗೋಪಾಲಕೃಷ್ಣನ್ ಮತ್ತು ಗೆಳೆಯರು 1965ರಲ್ಲಿ ತಿರುವನಂತಪುರದಲ್ಲಿ ಚಿತ್ರಲೇಖ ಫಿಲ್ಮ್ ಸೊಸೈಟಿ ಕಟ್ಟಿದರು. 1980ರ ದಶಕದಲ್ಲಿ ಮಲಯಾಳಂ ನಿರ್ದೇಶಕ ಜಾನ್ ಅಬ್ರಹಾಂ ಮತ್ತು ಸಂಗಡಿಗರ ಒಡೆಸ್ಸಾ ಬಳಗ ಊರೂರು ತಿರುಗಿ, ಪ್ರದರ್ಶನ ಮಾಡಿ, ಜನರಿಂದ ಚಂದಾ ಎತ್ತಿ ಆ ದುಡ್ಡಲ್ಲಿ ಸಿನಿಮಾವನ್ನೇ ತಯಾರಿಸಿತು. ಇಂದು ತಿರುವನಂತಪುರದ ಚಿತ್ರೋತ್ಸವದಲ್ಲಿ ಬಿಸಿಲಲ್ಲಿ ಸಾಲು ನಿಲ್ಲುವ ಪ್ರೇಕ್ಷಕರು ಆಕಾಶದಿಂದ ಉದುರಿದವರಲ್ಲ. ನಮ್ಮ ಬೆಂಗಳೂರು ಚಿತ್ರೋತ್ಸವವನ್ನೇ ನೋಡಿ. ಅದರ ಆರಂಭದ ಹಿಂದೆ ಸುಚಿತ್ರಾದವರ ದುಡಿಮೆ ಇದೆ, ಆದರೆ ಅದು ವರ್ಷಗಟ್ಟಲೆ ನಡೆದದ್ದು ಒರಾಯನ್ ಮಾಲಿನ ಮಲ್ಟಿಪ್ಲೆಕ್ಸಿನಲ್ಲಿ. ಪ್ರೇಕ್ಷಕರನ್ನು ಬೆಳೆಸಿದ್ದು ಚಿತ್ರ ಸಮಾಜ, ಕುರ್ಚಿ ಕೊಟ್ಟಿದ್ದು ಚಿತ್ರಮಂದಿರ.

ಅದಕ್ಕೇ ನನ್ನ ವಾದ ಇಷ್ಟು: ನಮ್ಮ ಸಮಾಜ ಹೊಸ ಚಿತ್ರಮಂದಿರಕ್ಕೆ ಎದುರಾಳಿಯಾಗಿ ನಿಲ್ಲದೆ, ಅಲ್ಲಿ ಒಂಟಿಯಾಗಿ ಬಂದಿಳಿಯುವ ಸಣ್ಣ ಕನ್ನಡ ಚಿತ್ರಗಳಿಗೆ ಪ್ರೇಕ್ಷಕರನ್ನು ಕೂಡಿಸುವ ಕೆಲಸ ಹಿಡಿಯಬೇಕು. ರಾಜ್ಯ ಸರ್ಕಾರ ವರ್ಷಕ್ಕೆ ನೂರಕ್ಕೂ ಹೆಚ್ಚು ಕನ್ನಡ ಚಿತ್ರಗಳಿಗೆ ಸಬ್ಸಿಡಿ ಕೊಡುವ ಪದ್ಧತಿ ಇದೆ. ನಮ್ಮದೇ ತೆರಿಗೆ ದುಡ್ಡು. ಅವುಗಳಲ್ಲಿ ನಮ್ಮಂಥ ಊರಿನವರು ಎಷ್ಟು ನೋಡಿದ್ದೀರಿ? ಪ್ರಶಸ್ತಿಯ ಸುದ್ದಿ ಪೇಪರಿನಲ್ಲಿ ಓದುತ್ತೇವೆ, ಸಿನಿಮಾ ಕಣ್ಣಿಗೆ ಬೀಳುವುದಿಲ್ಲ. ಅಂಥದ್ದೊಂದು ನಮ್ಮಲ್ಲಿಗೆ ಬಂದ ವಾರ ಸಮಾಜದವರು ಮೊದಲೇ ಹೇಳಿ, ದುಡ್ಡು ಕೂಡಿಸಿ, ಭಾನುವಾರದ ಒಂದು ಶೋ ಪೂರ್ತಿ ಬುಕ್ ಮಾಡಿದರೆ ಅದು ಎರಡನೇ ವಾರ ಕಾಣುವ ಆಸೆಯಾದರೂ ಇರುತ್ತದೆ. ಟಿಕೆಟ್ ದರದ ಬಗ್ಗೆ ಜಗಳ ನಡೆಯುತ್ತಲೇ ಇದೆ. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ 200 ರೂಪಾಯಿ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಆದರೆ ನಮ್ಮೂರ ಸಮಸ್ಯೆ ದರದ್ದಲ್ಲ, ಹತ್ತೂವರೆಯ ಶೋದ್ದು.

ಚಿತ್ರಮಂದಿರದವರಿಂದಲೂ ಒಂದು ಬೇಡಿಕೆ ಇದೆ. ತಿಂಗಳಿಗೊಂದು ಬೆಳಗ್ಗೆ, ಹೇಗೂ ಖಾಲಿ ಓಡುವ ಹೊತ್ತಿನಲ್ಲಿ, ಖರ್ಚಿಗೆ ಸಾಕಾಗುವಷ್ಟು ಬಾಡಿಗೆ ತೆಗೆದುಕೊಂಡು ಒಂದು ಪರದೆ ನಮಗೆ ಬಿಟ್ಟುಕೊಡಲಿ. ಗಿರೀಶ್ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ' ಹೊಸದಾಗಿ ಸಂಸ್ಕರಣೆಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಮಲೆನಾಡಿನ ಆ ಕಪ್ಪು ಬಿಳುಪು ಚಿತ್ರವನ್ನು ವೆನಿಸ್ಸಿನವರು ದೊಡ್ಡ ಪರದೆಯಲ್ಲಿ ನೋಡಿ, ಮಲೆನಾಡಿನ ನಾವು ಯೂಟ್ಯೂಬಿನ ಮಸುಕು ಪ್ರತಿ ನೋಡುವುದು ನ್ಯಾಯವಲ್ಲ.

ಹಾಗಂತ ಕಾಲೇಜು ಹಾಲನ್ನು ಬಿಡಬೇಕಿಲ್ಲ. ಸಾಕ್ಷ್ಯಚಿತ್ರ, ಕಿರುಚಿತ್ರ, ನಮ್ಮ ಹುಡುಗರು ಮೊಬೈಲಿನಲ್ಲಿ ತೆಗೆದದ್ದು, ಇವೆಲ್ಲ ಅಲ್ಲೇ ಆಗಲಿ. ಆದರೆ ಒಂದು ವಿಷಯದಲ್ಲಿ ನಾನು ಹಟಮಾರಿ. ಟೆಲಿಗ್ರಾಮಿನಿಂದ ಇಳಿಸಿದ ಕಳ್ಳ ಪ್ರತಿ ಹಾಕುವ ಸಮಾಜ ಸಿನಿಮಾ ಪ್ರೀತಿಯ ಬಗ್ಗೆ ಮಾತಾಡಬಾರದು. ಓಟಿಟಿ ಚಂದಾ ಕಟ್ಟಿದ್ದೇವಲ್ಲ ಅನ್ನುವುದೂ ಸರಿಯಲ್ಲ, ಅದು ಮನೆಯೊಳಗಿನ ನೋಟಕ್ಕೆ ಮಾತ್ರ. 1957ರ ಕೃತಿಸ್ವಾಮ್ಯ ಕಾಯ್ದೆ ಶಾಲೆ ಕಾಲೇಜುಗಳಿಗೆ ತಮ್ಮ ವಿದ್ಯಾರ್ಥಿ, ಸಿಬ್ಬಂದಿ, ಪೋಷಕರ ಎದುರು ಸಂಸ್ಥೆಯ ಚಟುವಟಿಕೆಯ ಭಾಗವಾಗಿ ಸಿನಿಮಾ ತೋರಿಸಲು ವಿನಾಯಿತಿ ಕೊಟ್ಟಿದೆ, ಊರವರನ್ನೆಲ್ಲ ಕರೆದರೆ ಅದು ಅನ್ವಯಿಸುವುದಿಲ್ಲ. ನಿರ್ಮಾಪಕರಿಗೋ ನಿರ್ದೇಶಕರಿಗೋ ಒಂದು ಪತ್ರ ಬರೆಯಿರಿ, ಕೈಲಾದ ಗೌರವಧನ ಕೊಡಿ. ತಮ್ಮ ಚಿತ್ರವನ್ನು ಜನ ಕೂತು ನೋಡಿ ಮಾತಾಡುತ್ತಾರೆ ಅಂದರೆ ಬಸ್ಸು ಹತ್ತಿ ಬಂದುಬಿಡುವ ನಿರ್ದೇಶಕರು ಕನ್ನಡದಲ್ಲಿ ಇದ್ದಾರೆ.

ಬರುವ ಭಾನುವಾರ ಸಂಜೆ ಐದಕ್ಕೆ ಕಾಲೇಜು ಹಾಲಿನಲ್ಲಿ ಸಮಾಜದ ಸಭೆ ಇದೆ. ಮೇಲೆ ಬರೆದದ್ದನ್ನೆಲ್ಲ ಅಲ್ಲಿ ಇಡುತ್ತೇನೆ. ಚಂದಾ ಬಾಕಿ ಇರುವವರೂ ಸಂಕೋಚ ಪಡದೆ ಬನ್ನಿ, ಮುಚ್ಚಿಬಿಡೋಣ ಅನ್ನುವವರಂತೂ ಖಂಡಿತ ಬನ್ನಿ. ಚಿತ್ರಮಂದಿರದ ಮಾಲೀಕರನ್ನೂ ಕರೆದಿದ್ದೇವೆ. ಸಂಜೆ ಶೋ ಶುರುಮಾಡಿಸಿ ಬರುತ್ತೇನೆ ಅಂದಿದ್ದಾರೆ, ಹಾಗಾಗಿ ಬೆಳಗಿನ ಪರದೆಯ ವಿಷಯವನ್ನು ಏಳರ ನಂತರ ಎತ್ತಿಕೊಳ್ಳೋಣ.