ಪೂರ್ವಾನುಮತಿಗೆ ಘಟನೋತ್ತರ ಮಂಜೂರಾತಿ

ಕನ್ನಡದಲ್ಲಿ ‘ಪೂರ್ವ’ ಎಂಬ ಪದಕ್ಕೆ ಎರಡು ಅರ್ಥಗಳಿರುವುದೇ ನಮ್ಮ ನಗರಗಳಿಗೆ ಒದಗಿದ ಮೊದಲ ಆಪತ್ತು ಎಂದು ನನಗೆ ಈಚೆಗೆ ಮನವರಿಕೆಯಾಗಿದೆ. ಕೇಂದ್ರ ಸರ್ಕಾರವು 2006ರ ಸೆಪ್ಟೆಂಬರ್ 14ರಂದು ಹೊರಡಿಸಿದ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯು ದೊಡ್ಡ ಕಟ್ಟಡಗಳಿಗೆ ಪರಿಸರ ಪೂರ್ವಾನುಮತಿ ಕಡ್ಡಾಯವೆಂದು ಸಾರಿದಾಗ, ಅದನ್ನು ಬರೆದವರ ಮನಸ್ಸಿನಲ್ಲಿ ‘ಮೊದಲು’ ಎಂಬ ಅರ್ಥವಿದ್ದಿರಬೇಕು. ಕಟ್ಟುವವರು ಅದನ್ನು ವಾಸ್ತುಶಾಸ್ತ್ರದ ಪ್ರಕಾರ ಓದಿಕೊಂಡರು. ಮುಖ್ಯದ್ವಾರವನ್ನು ಪೂರ್ವಕ್ಕೆ ಇಟ್ಟರೆ ಪೂರ್ವಾನುಮತಿಯ ಷರತ್ತು ತಾನಾಗಿ ಪೂರೈಸುತ್ತದೆಂದು ಅವರು ನಂಬಿದ್ದಾರೆ ಎನ್ನುವುದನ್ನು ಬಿಟ್ಟರೆ, ನಾನು ಕಣ್ಣಾರೆ ಕಂಡದ್ದಕ್ಕೆ ಬೇರೆ ವಿವರಣೆ ನನಗೆ ಹೊಳೆಯುತ್ತಿಲ್ಲ.

ಕಂಡದ್ದು ಇಷ್ಟು. ನಮ್ಮ ಬಡಾವಣೆಯ ಅಂಚಿನಲ್ಲಿ, ಹಿಂದೆ ರಾಗಿ ಹೊಲವಾಗಿದ್ದ ಜಾಗದಲ್ಲಿ, ಒಂದು ಭಾನುವಾರ ಅಪಾರ್ಟ್‌ಮೆಂಟಿನ ಮಾರಾಟ ಕಚೇರಿ ತಲೆಯೆತ್ತಿತು. ಒಳಗೆ ಏಸಿ, ಬಾದಾಮಿ ಹಾಲು, ಗಾಜಿನ ಪೆಟ್ಟಿಗೆಯಲ್ಲಿ ಆರು ಗೋಪುರಗಳ ಮಾದರಿ. ಮಾದರಿಯ ಸುತ್ತ ಹಸಿರು ಬಣ್ಣ ಬಳಿದ ಸ್ಪಂಜಿನ ಮರಗಳನ್ನು ಎಷ್ಟು ಒತ್ತಾಗಿ ನೆಟ್ಟಿದ್ದರೆಂದರೆ, ಅದರಲ್ಲಿ ಹುಲಿ ಇಲ್ಲದಿರುವುದೇ ಆಶ್ಚರ್ಯವೆನಿಸುತ್ತಿತ್ತು. ಟೈ ಕಟ್ಟಿಕೊಂಡ ಹುಡುಗನೊಬ್ಬ ಎಲ್ಲ ಮನೆಗಳೂ ಈಸ್ಟ್ ಫೇಸಿಂಗ್ ಎಂದು ವಿವರಿಸುತ್ತಿದ್ದ. “ಪರಿಸರ ಅನುಮತಿ ಸಿಕ್ಕಿದೆಯೇನಪ್ಪಾ?” ಎಂದು ಕೇಳಿದೆ. “ಅಪ್ಲೈ ಆಗಿದೆ ಸರ್” ಎಂದ. ಅವನ ಬೆನ್ನ ಹಿಂದಿನ ಕಿಟಕಿಯಲ್ಲಿ ಎರಡು ಹಿಟಾಚಿಗಳು ನೆಲಮಾಳಿಗೆಯ ಎರಡನೆಯ ಅಂತಸ್ತನ್ನು ತೋಡಿ ಮುಗಿಸಿ ಮೂರನೆಯದಕ್ಕೆ ಕೈಹಾಕಿದ್ದವು. ‘ಅಪ್ಲೈ ಆಗಿದೆ’ ಎಂಬ ಈ ಕರ್ತೃವಿಲ್ಲದ ವಾಕ್ಯವನ್ನು ನಮ್ಮ ವ್ಯಾಕರಣಕಾರರು ಇನ್ನೂ ಗಮನಿಸಿದಂತಿಲ್ಲ. ಯಾರು ಅರ್ಜಿ ಹಾಕಿದರು, ಯಾವಾಗ, ಯಾರಿಗೆ ಎಂಬ ಪ್ರಶ್ನೆಗಳಿಗೆಲ್ಲ ಅದರಲ್ಲಿ ಜಾಗವೇ ಇಲ್ಲ. ಮಳೆಗಾಲ ಆಗುವಂತೆ ಅದೂ ಸುಮ್ಮನೆ ಆಗುತ್ತದೆ.

ಅಧಿಸೂಚನೆಯ ಮಾತು ಸ್ಪಷ್ಟವಾಗಿಯೇ ಇದೆ. ಅನುಮತಿ ಕೈಸೇರುವವರೆಗೆ ಕಟ್ಟಡದ ಕೆಲಸವನ್ನಾಗಲಿ ನೆಲವನ್ನು ಅಣಿಗೊಳಿಸುವ ಕೆಲಸವನ್ನಾಗಲಿ ಆರಂಭಿಸುವಂತಿಲ್ಲ, ಜಾಗದ ರಕ್ಷಣೆಗೆ ಬೇಕಾದಷ್ಟನ್ನು ಮಾತ್ರ ಮಾಡಬಹುದು. ಬೇಲಿ ಹಾಕಿ, ಕಾವಲುಗಾರನಿಗೊಂದು ಶೆಡ್ಡು ಕಟ್ಟಿಕೊಳ್ಳಿ ಎಂದರ್ಥ. ಆದರೆ ರಕ್ಷಣೆ ಎಂಬುದು ಅವರವರ ಭಯಕ್ಕೆ ತಕ್ಕಂತೆ ಇರುತ್ತದೆ. ಹಿಂದಿನ ಪಾಳೇಗಾರರು ಕೋಟೆಯ ಸುತ್ತ ಕಂದಕ ತೋಡಿಸುತ್ತಿದ್ದರು. ಇವರು ಕೋಟೆ ಬರಬೇಕಾದ ಜಾಗದಲ್ಲೇ ತೋಡಿಸಿದರು. ಮೂವತ್ತೈದು ಅಡಿ ಆಳದ ಹಳ್ಳವಿರುವ ಜಾಗವನ್ನು ಯಾವ ಕಳ್ಳನೂ ಹೊತ್ತೊಯ್ಯಲಾರ ಎಂಬುದನ್ನು ಒಪ್ಪಲೇಬೇಕು.

ಕೆಲಸ ಆರಂಭವಾದ ದಿನ ಪುರೋಹಿತರನ್ನು ಕರೆಸಿ ಭೂಮಿಪೂಜೆ ಮಾಡಿಸಿದ್ದರು ಎಂಬುದನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಬೂದುಗುಂಬಳ ಒಡೆದು, ನೆಲಕ್ಕೆ ಗುದ್ದಲಿ ತಾಗಿಸುವ ಮುನ್ನವೇ ಭೂದೇವಿಯ ಕ್ಷಮೆ ಕೇಳಲಾಯಿತು. ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಡುವ ಮೊದಲೇ ನೆಲವನ್ನು ಮುಟ್ಟಿ ಕ್ಷಮೆ ಬೇಡುತ್ತಿದ್ದ ನನ್ನ ಅಜ್ಜಿಗೆ ಪೂರ್ವಾನುಮತಿಯ ತತ್ವ ಪೂರ್ತಿ ಗೊತ್ತಿತ್ತು, ಮತ್ತು ಆಕೆಯ ಅರ್ಜಿ ಅಂದಂದೇ ಇತ್ಯರ್ಥವಾಗುತ್ತಿತ್ತು.

ಇನ್ನು ‘ದೊಡ್ಡ ಕಟ್ಟಡ’ ಎಂದರೆ ಯಾವುದು ಎಂಬ ಪ್ರಶ್ನೆ. ಒಟ್ಟು ನಿರ್ಮಾಣ ವಿಸ್ತೀರ್ಣವು 20,000 ಚದರ ಮೀಟರ್, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಎರಡು ಲಕ್ಷ ಹದಿನೈದು ಸಾವಿರ ಚದರ ಅಡಿ ಮುಟ್ಟಿದರೆ ಅನುಮತಿ ಬೇಕು. ಈ ಸಂಖ್ಯೆಯು ನಮ್ಮ ವಾಸ್ತುಶಿಲ್ಪಿಗಳ ಪ್ರತಿಭೆಯನ್ನು ಕೆರಳಿಸಿದಷ್ಟು ಇನ್ನಾವುದೂ ಕೆರಳಿಸಿಲ್ಲ. 19,990 ಚದರ ಮೀಟರಿನಲ್ಲಿ ಕಟ್ಟಡವನ್ನು ಹಿಡಿದು ನಿಲ್ಲಿಸುವುದು ಒಂದು ಯೋಗಸಾಧನೆ. ಅದರಲ್ಲೂ ಆಗದಿದ್ದರೆ ‘ಫೇಸ್ ಒಂದು’, ‘ಫೇಸ್ ಎರಡು’ ಎಂದು ಅಣ್ಣತಮ್ಮಂದಿರು ಪಾಲು ಮಾಡಿಕೊಂಡಂತೆ ಯೋಜನೆಯನ್ನು ಹಿಸ್ಸೆಗಳಾಗಿ ಒಡೆಯಬಹುದು. ಹೀಗೆ ಒಡೆದ ಮನೆಯ ಗೇಟು ಒಂದೇ, ಈಜುಕೊಳ ಒಂದೇ, ಕೊಳಚೆ ನೀರು ಹೋಗುವ ರಾಜಕಾಲುವೆಯೂ ಒಂದೇ. ಪರಿಸರದ ಮುಂದೆ ಮಾತ್ರ ಅವರು ಪರಸ್ಪರ ಮುಖಪರಿಚಯವಿಲ್ಲದ ಎರಡು ಕುಟುಂಬಗಳು.

ಮಿತಿ ದಾಟಿದವರಿಗೆ ನಮೂನೆ ಒಂದು, ನಮೂನೆ ಒಂದು ‘ಎ’. ಮರಗಿಡಗಳನ್ನು ತೆಗೆಯುವಿರಾ, ನೀರಿನ ಹರಿವು ಬದಲಾಗುವುದೇ, ಧೂಳು ಏಳುವುದೇ ಎಂದು ಸಾಲುಸಾಲಾಗಿ ಪ್ರಶ್ನೆಗಳಿರುತ್ತವೆ. ಎದುರಿಗೆ ಹೌದು ಅಥವಾ ಇಲ್ಲ ಎಂದು ಬರೆಯಬೇಕು. ಅಪ್ಪನ ಮುಂದೆ ಸಿಗರೇಟು ಸೇದುತ್ತೀಯಾ ಎಂದು ಕೇಳಿಸಿಕೊಂಡ ಮಗನಂತೆ ಅರ್ಜಿದಾರನು ವಿನಯದಿಂದ ಇಲ್ಲ, ಇಲ್ಲ, ಇಲ್ಲ ಎಂದು ತುಂಬುತ್ತಾ ಹೋಗುತ್ತಾನೆ. ವಿಸ್ತೃತ ವರದಿ ಬೇಕಾದ ಯೋಜನೆಗಳಲ್ಲಿ ಈ ಕೆಲಸಕ್ಕೆ ಸಲಹಾ ಸಂಸ್ಥೆಗಳಿವೆ. ಯೋಜನೆಯಿಂದ ಪರಿಸರಕ್ಕೆ ಹಾನಿಯಾಗುವುದೇ ಎಂದು ನಿಷ್ಪಕ್ಷಪಾತವಾಗಿ ವರದಿ ಬರೆಯುವ ಸಂಸ್ಥೆಯನ್ನು ಗೊತ್ತುಮಾಡುವವರು ಯೋಜನೆಯ ಮಾಲೀಕರು, ಹಣ ಕೊಡುವವರೂ ಅವರೇ. ವರನ ಗುಣವನ್ನು ವಿಚಾರಿಸಲು ವರನ ಚಿಕ್ಕಪ್ಪನನ್ನೇ ಕಳಿಸಿ, ಬಸ್ ಚಾರ್ಜನ್ನೂ ವರನ ಕೈಯಲ್ಲೇ ಕೊಡಿಸಿದರೆ ಯಾವ ಸುದ್ದಿ ಬರುತ್ತದೆಯೋ ಅದೇ ಇಲ್ಲಿಯೂ ಬರುತ್ತದೆ.

ಈ ವರದಿಗಳನ್ನು ಒಣ ಬರಹವೆಂದು ತಳ್ಳಿಹಾಕುವವರು ಅವುಗಳ ಕಲ್ಪನಾಶಕ್ತಿಯನ್ನು ಅರಿಯದವರು. ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ಬಾಕ್ಸೈಟ್ ಗಣಿಯೊಂದಕ್ಕಾಗಿ ಸಿದ್ಧವಾದ ವರದಿಯಲ್ಲಿ, ಗಣಿಯ ಆಸುಪಾಸಿನ ಹಕ್ಕಿಗಳು ಸ್ಪ್ರೂಸ್, ಪೈನ್ ಮತ್ತು ಬರ್ಚ್ ಮರಗಳ ಕಾಡಿನಲ್ಲಿ ನೆಲೆಸಿವೆ ಎಂದು ಬರೆದಿತ್ತು. ಹಾಪುಸ್ ಮಾವಿನ ನಾಡಿಗೆ ಬರ್ಚ್ ಮರ ಹೇಗೆ ಬಂತೆಂದು ಹುಡುಕಿದವರಿಗೆ, ರಷ್ಯಾದ ಗಣಿಯೊಂದರ ವರದಿಯಿಂದ ಪುಟಪುಟಗಳೇ ನಕಲಾಗಿರುವುದು ಕಂಡುಬಂತು. ಕೊಂಕಣದ ಸೆಖೆಯಲ್ಲಿ ಬೆವರುತ್ತಾ ಕುಳಿತ ಗುಮಾಸ್ತನೊಬ್ಬ ಹಿಮದ ಕಾಡನ್ನು ಧ್ಯಾನಿಸಿದ್ದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ.

ಆದರೆ ನಾವು ರತ್ನಗಿರಿಯವರೆಗೆ ಹೋಗಬೇಕಾದ ಅಗತ್ಯವೂ ಇಲ್ಲ. ತುಮಕೂರು ರಸ್ತೆಯಿಂದ ಹೊಸೂರು ರಸ್ತೆಗೆ ಬೆಂಗಳೂರಿನ ಹೊರಗಿನಿಂದ ಸುತ್ತುಹಾಕಿಸುವ, ಸುಮಾರು 65 ಕಿಲೋಮೀಟರ್ ಉದ್ದದ ಪೆರಿಫೆರಲ್ ರಿಂಗ್ ರಸ್ತೆಯ ಕಥೆಯೇ ನಮಗೆ ಸಾಕು. 2009–10ರ ಚಳಿಗಾಲದಲ್ಲಿ ಅಳೆದ ಗಾಳಿ, ನೀರು, ಮಣ್ಣಿನ ಮಾಹಿತಿಯನ್ನು ಇಟ್ಟುಕೊಂಡು 2014ರಲ್ಲಿ ಅಂತಿಮ ವರದಿ ಸಿದ್ಧವಾಯಿತು. ಅದೇ ನವೆಂಬರಿನಲ್ಲಿ ಅನುಮತಿಯೂ ದೊರೆಯಿತು. ಬೆಂಗಳೂರಿನ ಗಾಳಿಯು ಆ ನಾಲ್ಕೂವರೆ ವರ್ಷ ಉಸಿರು ಬಿಗಿಹಿಡಿದು, ಅಳೆದಾಗ ಹೇಗಿತ್ತೋ ಹಾಗೆಯೇ ನಿಂತಿತ್ತೆಂದು ಭಾವಿಸಬೇಕು. ಮಾಹಿತಿ ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು ಎಂದು ಪಟ್ಟುಹಿಡಿದ ಸುಪ್ರೀಂ ಕೋರ್ಟ್, 2020ರ ಮಾರ್ಚ್ 17ರಂದು, ಅಧ್ಯಯನವನ್ನು ಹೊಸದಾಗಿ ಮಾಡಿಸಿ ಎಂದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಕ್ಕೆ ಹೇಳಿತು.

ಈ ಕಥೆಯ ನಿಜವಾದ ನಾಯಕರು ಮರಗಳು. ಮೊದಲ ವರದಿಯ ಪ್ರಕಾರ ರಸ್ತೆಗಾಗಿ ಕಡಿಯಬೇಕಾದ ಮರಗಳು ಕೆಲವೇ ನೂರು. ಇನ್ನೊಮ್ಮೆ ಎಣಿಸಿದಾಗ ಅವು 16 ಸಾವಿರ ದಾಟಿದವು. ನ್ಯಾಯಾಲಯದ ಆದೇಶದ ನಂತರ 2020ರಲ್ಲಿ ಮತ್ತೆ ಎಣಿಸಿದರೆ 33 ಸಾವಿರಕ್ಕೂ ಮೇಲೆ! ನಾವು ಪ್ರತಿ ಜುಲೈನಲ್ಲಿ ಶಾಲಾಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿ, ಮಂತ್ರಿಗಳ ಕೈಯಲ್ಲಿ ಸಸಿ ಹಿಡಿಸಿ ವನಮಹೋತ್ಸವ ಮಾಡುತ್ತೇವೆ. ಮರುದಿನ ಆ ಸಸಿಯನ್ನು ಮೇಕೆ ತಿನ್ನುತ್ತದೆ. ಒಂದೇ ಒಂದು ಸಸಿ ನೆಡದೆ, ಒಂದು ಬಿಂದಿಗೆ ನೀರೂ ಹಾಕದೆ, ಕೇವಲ ಮರು ಎಣಿಕೆಯಿಂದ ಹತ್ತು ವರ್ಷಗಳೊಳಗೆ ಸಾವಿರಾರು ಬಲಿತ ಮರಗಳನ್ನು ಸೃಷ್ಟಿಸಿದ ಈ ವಿಧಾನವನ್ನು ಅರಣ್ಯ ಇಲಾಖೆ ಏಕೆ ಅಳವಡಿಸಿಕೊಳ್ಳುತ್ತಿಲ್ಲವೋ ತಿಳಿಯದು. ಇನ್ನೆರಡು ವರದಿ ಬರೆಸಿದ್ದರೆ ಬೆಂಗಳೂರಿನ ಸುತ್ತ ನಾಗರಹೊಳೆಯೇ ಏಳುತ್ತಿತ್ತು. ರಸ್ತೆಗೆ ಈಗ ಬಿಸಿನೆಸ್ ಕಾರಿಡಾರ್ ಎಂದು ಮರುನಾಮಕರಣವಾಗಿದೆ. ಮರಗಳಿಗೆ ಹೊಸ ಹೆಸರಿಟ್ಟಂತಿಲ್ಲ.

ಅರ್ಜಿಗಳನ್ನು ಪರಿಶೀಲಿಸಲು ರಾಜ್ಯಮಟ್ಟದಲ್ಲಿ ಒಂದು ತಜ್ಞರ ಸಮಿತಿಯೂ, ಅನುಮತಿ ನೀಡಲು ಒಂದು ಪ್ರಾಧಿಕಾರವೂ ಇವೆ. ಸಮಿತಿಗೆ 60 ದಿನ, ಪ್ರಾಧಿಕಾರಕ್ಕೆ 45 ದಿನ, ಒಟ್ಟು 105. ಅಷ್ಟರಲ್ಲಿ ಪ್ರಾಧಿಕಾರದಿಂದ ಉತ್ತರ ಬಾರದಿದ್ದರೆ ಸಮಿತಿಯ ಶಿಫಾರಸನ್ನೇ ಆದೇಶವೆಂದು ತಿಳಿದು ಮುಂದುವರಿಯಬಹುದು. ಮೌನವು ಸಮ್ಮತಿಯ ಲಕ್ಷಣವೆಂಬುದಕ್ಕೆ ಹೀಗೆ ಗೆಜೆಟ್ಟಿನ ಮುದ್ರೆ ಬಿದ್ದಿದೆ. ಇಷ್ಟೂ ಸಾಲದೆಂದು 2022ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯವು ಈ ಪ್ರಾಧಿಕಾರಗಳಿಗೆ, ಹೋಟೆಲುಗಳಿಗೆ ಕೊಡುವಂತೆ, ನಕ್ಷತ್ರಗಳ ದರ್ಜೆ ಕೊಡುವ ಯೋಜನೆಯನ್ನು ಪ್ರಕಟಿಸಿತು. ಸರಾಸರಿ 80 ದಿನಗಳೊಳಗೆ ಅನುಮತಿ ನೀಡಿದರೆ ಎರಡು ಅಂಕ. ಸ್ಥಳ ಪರಿಶೀಲನೆಗೆ ಹೋದ ಪ್ರಕರಣಗಳು ಶೇ 10ಕ್ಕಿಂತ ಕಡಿಮೆಯಿದ್ದರೆ ಒಂದು ಅಂಕ. ಶೇ 20ನ್ನು ಮೀರಿದರೆ ಸೊನ್ನೆ. ಹೋಗಿ ನೋಡಿದವನಿಗೆ ಸೊನ್ನೆ, ನೋಡದವನಿಗೆ ಅಂಕ ಎಂಬ ಪದ್ಧತಿಯನ್ನು ನಾನು ಇದಕ್ಕೆ ಮೊದಲು ಕಣ್ಣಾಮುಚ್ಚಾಲೆ ಆಟದಲ್ಲಿಯೂ ಕಂಡಿರಲಿಲ್ಲ. ಟೀಕೆ ಬಂದ ಮೇಲೆ ಸಚಿವಾಲಯವು ಇದು ಕಾರ್ಯದಕ್ಷತೆಗಾಗಿ ಮಾತ್ರ ಎಂದು ಸಮಜಾಯಿಷಿ ನೀಡಿತು.

ಅನುಮತಿ ಪತ್ರವು ಬಂದಾಗ ಅದರೊಂದಿಗೆ ಷರತ್ತುಗಳ ಸರಮಾಲೆಯೇ ಬರುತ್ತದೆ. ಪ್ರತಿ 80 ಚದರ ಮೀಟರ್ ಜಾಗಕ್ಕೆ ಕನಿಷ್ಠ ಒಂದು ಮರ ಬೆಳೆಸಬೇಕೆಂಬುದು ಅವುಗಳಲ್ಲೊಂದು. ನಿವೇಶನದ ಬಹುಪಾಲು ಅಡಿಯಲ್ಲಿ ಕಾರು ನಿಲ್ಲಿಸುವ ಮೂರು ಅಂತಸ್ತುಗಳಿರುವುದರಿಂದ, ಕಾಂಕ್ರೀಟ್ ಚಾವಣಿಯ ಮೇಲೆ ಎರಡಡಿ ಮಣ್ಣು ಸುರಿದು ಮರ ನೆಡಲಾಗುತ್ತದೆ. ಬೇರು ಇಳಿಸುವ ಧೈರ್ಯ ಮಾಡಿದ ಮರವು ನೇರವಾಗಿ ‘ಬಿ–214’ರವರ ಕಾರಿನ ಮೇಲೆ ಇಳಿಯಬೇಕು.

ಇಷ್ಟೆಲ್ಲ ಸೌಲಭ್ಯಗಳಿದ್ದೂ ಅರ್ಜಿಯನ್ನೇ ಹಾಕದೆ ಕಟ್ಟಿ ಮುಗಿಸಿದ ಮಹನೀಯರಿದ್ದಾರೆ. ಅವರಿಗಾಗಿ ಆಡಳಿತ ಕನ್ನಡವು ‘ಘಟನೋತ್ತರ ಮಂಜೂರಾತಿ’ ಎಂಬ ಸುಂದರ ಪದವನ್ನು ಮೊದಲೇ ಸಿದ್ಧಪಡಿಸಿಟ್ಟಿದೆ. ಘಟನೆ ಮುಗಿದ ಮೇಲೆ ದೊರೆಯುವುದು ಘಟನೋತ್ತರ. ಪೂರ್ವದಲ್ಲಿ ಸಿಗದ ಅನುಮತಿ ಉತ್ತರದಲ್ಲಿ ಸಿಗುತ್ತದೆ. ಕುಬೇರನ ದಿಕ್ಕೂ ಉತ್ತರವೇ ಆಗಿರುವುದು ಕಾಕತಾಳೀಯವಿರಬಹುದು. 2017ರ ಮಾರ್ಚ್‌ನಲ್ಲಿ ಕೇಂದ್ರವು, ಪೂರ್ವಾನುಮತಿಯಿಲ್ಲದೆ ಕೆಲಸ ಆರಂಭಿಸಿದವರು ಆರು ತಿಂಗಳೊಳಗೆ ಅರ್ಜಿ ಹಾಕಿಕೊಳ್ಳಲಿ ಎಂದು ಒಂದು ಕಿಟಕಿ ತೆರೆಯಿತು; 2021ರ ಜುಲೈನಲ್ಲಿ ಇಂಥ ಪ್ರಕರಣಗಳನ್ನು ನಿರ್ವಹಿಸುವ ಕ್ರಮವನ್ನೇ ರೂಪಿಸಿಕೊಟ್ಟಿತು. 2025ರ ಮೇ 16ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠವು ಎರಡನ್ನೂ ರದ್ದುಮಾಡಿ, ಘಟನೋತ್ತರ ಅನುಮತಿ ಇನ್ನು ಸಲ್ಲದೆಂದಿತು. ಅದೇ ವರ್ಷ ನವೆಂಬರ್ 18ರಂದು ಮೂವರು ನ್ಯಾಯಮೂರ್ತಿಗಳ ಪೀಠವು ಎರಡು–ಒಂದರ ಬಹುಮತದಿಂದ ಮೇ ತಿಂಗಳ ಆ ತೀರ್ಪನ್ನು ಹಿಂದಕ್ಕೆ ಪಡೆಯಿತು. ಇಲ್ಲದಿದ್ದರೆ ಸುಮಾರು 20 ಸಾವಿರ ಕೋಟಿ ರೂಪಾಯಿಗಳ ಸಾರ್ವಜನಿಕ ಯೋಜನೆಗಳನ್ನು ಕೆಡವಬೇಕಾಗುತ್ತದೆ ಎಂಬುದು ಬಹುಮತದ ಆತಂಕವಾಗಿತ್ತು. ಅನುಮತಿಯ ವಿರುದ್ಧದ ತೀರ್ಪಿಗೇ ಹೀಗೆ ಘಟನೋತ್ತರ ಗತಿ ಒದಗಿದ ಮೇಲೆ, ಟೈ ಕಟ್ಟಿದ ಆ ಹುಡುಗನ ‘ಅಪ್ಲೈ ಆಗಿದೆ’ಯಲ್ಲಿದ್ದ ನೆಮ್ಮದಿಯ ಮೂಲ ನನಗೆ ತಿಳಿಯಿತು.

ನಮ್ಮ ಬಡಾವಣೆಯ ಹಳ್ಳಕ್ಕೆ ಮಾತ್ರ ಗ್ರಹಚಾರ ಕೂಡಿಬರಲಿಲ್ಲ. ಯಾರೋ ದೂರು ಕೊಟ್ಟರು, ಕೆಲಸ ನಿಂತಿತು, ಹಿಟಾಚಿಗಳು ಬೇರೆ ಪುಣ್ಯಕ್ಷೇತ್ರಕ್ಕೆ ಹೊರಟುಹೋದವು. ಮೂರು ಮಳೆಗಾಲ ಕಳೆದವು. ಈಗ ಹಳ್ಳದ ತುಂಬ ನೀರು, ಅಂಚಿಗೆ ಜೊಂಡು. ಬೆಳಿಗ್ಗೆ ನೀರುಕಾಗೆಗಳು ಕಬ್ಬಿಣದ ಸರಳುಗಳ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತವೆ, ಸಂಜೆ ಹುಡುಗರು ಗಾಳ ಹಾಕಿ ಕೂರುತ್ತಾರೆ. ಸುತ್ತಲಿನ ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದಿದೆಯೆಂದು ನೆರೆಯವರು ಸಂತೋಷದಲ್ಲಿದ್ದಾರೆ. ನೂರಾರು ಕೆರೆಗಳನ್ನು ನುಂಗಿದ ಊರಿನಲ್ಲಿ, ಪರವಾನಗಿಯಿಲ್ಲದೆ ಒಂದು ಕೆರೆಯನ್ನು ಕಟ್ಟಿಸಿದ ಕೀರ್ತಿ ಆ ಬಿಲ್ಡರಿಗೆ ಸಲ್ಲಬೇಕು. ತೊಡಕು ಏನೆಂದರೆ ಹೊಸ ಅರ್ಜಿಯಲ್ಲಿ, ನಿವೇಶನದಲ್ಲಾಗಲಿ ಸಮೀಪದಲ್ಲಾಗಲಿ ಜಲಮೂಲವಿದೆಯೇ ಎಂಬ ಪ್ರಶ್ನೆಗೆ ಅವರೀಗ ಉತ್ತರ ಬರೆಯಬೇಕಾಗಿದೆ.

ಮೊನ್ನೆ ಸಂಜೆ ಆ ಕಡೆ ಹೋದಾಗ ಶೆಡ್ಡಿನ ಮುಂದೆ ದಪ್ಪ ಪೈಪಿನ ಸುರುಳಿಗಳು ಬಿದ್ದಿದ್ದವು. ಯಾದಗಿರಿ ಕಡೆಯ ಕಾವಲುಗಾರ ಒಲೆ ಹೊತ್ತಿಸುತ್ತಿದ್ದ. ಏನಪ್ಪಾ ಇದೆಲ್ಲ ಎಂದು ಕೇಳಿದೆ.

“ನಾಳಿ ಮೋಟಾರ್ ಹಚ್ಚತಾರ್ರೀ ಸರ. ನೀರು ಖಾಲಿ ಆದ ಮ್ಯಾಲೆ ರಿಪೋರ್ಟ್ ಬರಿಯೋ ಸಾಹೇಬ್ರು ಫೋಟೋ ಹೊಡಿಯಾಕ ಬರ್ತಾರಂತ” ಎಂದ.