ಗೇಮ್ ಮಾಡೋಕೆ ಯಾವ ಭಾಷೆ ಕಲಿಯಬೇಕು ಅಂತ ಕೇಳುವವರಿಗೆ

ಗೇಮ್ ಮಾಡುವ ಆಸೆ ಇರುವವರು ಮೊದಲು ಕೇಳುವುದು ಇದನ್ನೇ. ಸಿ ಶಾರ್ಪ್ ಕಲಿಯಲಾ? ಪೈಥಾನ್ ಬರುತ್ತೆ, ಅಷ್ಟು ಸಾಕಾ? ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಭಾಷೆಯನ್ನು ಬೇರೆಯಾಗಿ ಆರಿಸಲು ಹೋಗಬೇಡಿ. ಮೊದಲು ಎಂಜಿನ್, ಅಂದರೆ ಗೇಮ್ ಕಟ್ಟುವ ಸಾಫ್ಟ್‌ವೇರ್ ಆರಿಸಿ. ಆಮೇಲೆ ಆ ಎಂಜಿನ್ನಿನಲ್ಲಿ ಯಾವ ಭಾಷೆಗೆ ಮೊದಲ ಮಣೆಯೋ ಅದನ್ನೇ ಹಿಡಿಯಿರಿ.

ಎಂಜಿನ್ನಿನಲ್ಲಿ ಎರಡನೇ ಭಾಷೆ ಮನೆಗೆ ಬಂದ ನೆಂಟರ ಹಾಗೆ. ಎಷ್ಟು ದಿನ ಇರುತ್ತೆ ಅಂತ ಹೇಳೋಕಾಗಲ್ಲ. ಯೂನಿಟಿ ಅನ್ನುವ ಎಂಜಿನ್ನಿನಲ್ಲಿ ಒಂದು ಕಾಲಕ್ಕೆ ಮೂರು ಭಾಷೆಗಳಿದ್ದವು: ಸಿ ಶಾರ್ಪ್, ಯೂನಿಟಿಸ್ಕ್ರಿಪ್ಟ್, ಬೂ. ಬೂ ಭಾಷೆಯನ್ನು ಕೈಬಿಡುವುದಾಗಿ 2014ರಲ್ಲಿ ಹೇಳಿದರು. 2017ರಲ್ಲಿ ಯೂನಿಟಿಸ್ಕ್ರಿಪ್ಟ್ ಸರದಿ. ಅದನ್ನೇ ನಂಬಿ ಬರೆದವರೆಲ್ಲ ಕೋಡನ್ನು ಸಿ ಶಾರ್ಪ್‌ಗೆ ತಿರುಗಿಸಬೇಕಾಯಿತು. ಗೋಡೋ ಅನ್ನುವ ಇನ್ನೊಂದು ಎಂಜಿನ್ನಿನಲ್ಲೂ ಹೀಗೆ ಆಗಿದೆ. 2018ರಲ್ಲಿ 3.0 ಆವೃತ್ತಿಯ ಜೊತೆ ಬಂದ ವಿಷುವಲ್ ಸ್ಕ್ರಿಪ್ಟ್ (ಚಿತ್ರಗಳನ್ನು ಜೋಡಿಸಿ ಕೋಡ್ ಮಾಡುವ ದಾರಿ) 2023ರ 4.0ದಲ್ಲಿ ಇಲ್ಲ.

ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಗೋಡೋ, ಅದರ ಜೊತೆ ಅದರದ್ದೇ ಭಾಷೆ ಜಿಡಿಸ್ಕ್ರಿಪ್ಟ್. ಗೋಡೋ ಹುಟ್ಟಿದ್ದು ಅರ್ಜೆಂಟೀನಾದಲ್ಲಿ. ಹುವಾನ್ ಲಿನಿಯೆಟ್ಸ್ಕಿ, ಏರಿಯಲ್ ಮಂಜೂರ್ ಕಟ್ಟಿದ್ದು. 2014ರಲ್ಲಿ ಅದರ ಕೋಡನ್ನು ಎಲ್ಲರಿಗೂ ತೆರೆದಿಟ್ಟರು. ಮೊದಲು ಲುವಾ, ಪೈಥಾನ್, ಸ್ಕ್ವಿರಲ್ ಎಲ್ಲವನ್ನೂ ಬಳಸಿ ನೋಡಿದ್ದರು. ಯಾವುದೂ ಎಂಜಿನ್ ಜೊತೆ ಸರಿಯಾಗಿ ಹೊಂದದೆ ಕೊನೆಗೆ ತಾವೇ ಒಂದು ಭಾಷೆ ಮಾಡಿಕೊಂಡರು. ಆ ಹೊಂದಿಕೆ ಕೈಗೆ ತಿಳಿಯುತ್ತದೆ. ಸೀನ್ ಪಟ್ಟಿಯಲ್ಲಿರುವ ಒಂದು ನೋಡ್ (ಗೇಮಿನ ಒಂದು ಬಿಡಿ ಭಾಗ) ಹಿಡಿದು, ಕಂಟ್ರೋಲ್ ಕೀ ಒತ್ತಿಕೊಂಡೇ ಕೋಡಿನೊಳಗೆ ಎಳೆದು ಬಿಡಿ. ಆ ನೋಡಿಗೆ ಬೇಕಾದ ವೇರಿಯಬಲ್ ಸಾಲು ತಾನಾಗಿ ಬರೆದುಕೊಳ್ಳುತ್ತದೆ. ಗೇಮ್ ಓಡುತ್ತಿರುವಾಗಲೇ ಕೋಡ್ ಬದಲಿಸಿ ಸೇವ್ ಮಾಡಿದರೆ ಬದಲಾವಣೆ ಅಲ್ಲೇ ಕಾಣುತ್ತದೆ. ಪೈಥಾನ್ ಓದಿದ ಡಿಪ್ಲೊಮಾ ಹುಡುಗರಿಗೆ ಈ ಬರವಣಿಗೆ ಹೊಸದೇ ಅನ್ನಿಸಲ್ಲ. ಡೌನ್‌ಲೋಡ್ ಕೂಡ ನೂರು ಎಂಬಿ ಆಸುಪಾಸು. ಹಳೇ ಲ್ಯಾಪ್‌ಟಾಪ್ ಇರುವವರಿಗೆ ಇದು ಸಣ್ಣ ವಿಷಯ ಅಲ್ಲ.

ಜಿಡಿಸ್ಕ್ರಿಪ್ಟ್ ನಿಧಾನ ಅನ್ನುವ ಮಾತು ಸದಾ ಕೇಳಿಬರುತ್ತದೆ. ಸಿ ಶಾರ್ಪ್‌ಗಿಂತ ನಿಧಾನ, ನಿಜ. ಆದರೆ ಡಿಕ್ಕಿ ಲೆಕ್ಕ, ಚಿತ್ರ ಬಿಡಿಸುವುದು, ಸೌಂಡ್, ಈ ಭಾರದ ಕೆಲಸವನ್ನೆಲ್ಲ ಎಂಜಿನ್ ಒಳಗಿನ ಸಿ ಪ್ಲಸ್ ಪ್ಲಸ್ ಕೋಡೇ ಮಾಡುತ್ತದೆ. ಗುಂಡಿ ಒತ್ತಿದಾಗ ಹಾರು, ನಾಣ್ಯ ಮುಟ್ಟಿದಾಗ ಅಂಕ ಕೊಡು ಅನ್ನುವಷ್ಟಕ್ಕೆ ವೇಗದ ಚಿಂತೆ ಬೇಡ. ಗೋಡೋದಲ್ಲೇ ಸಿ ಶಾರ್ಪ್ ಬರೆಯಬಹುದಲ್ವಾ ಅಂತ ಕೇಳಬಹುದು. ಬರೆಯಬಹುದು. ಆದರೆ 4.0 ಬಂದಾಗ ಸಿ ಶಾರ್ಪ್‌ನಲ್ಲಿ ಬರೆದ ಗೇಮನ್ನು ಬ್ರೌಸರಿಗೆ ಎಕ್ಸ್‌ಪೋರ್ಟ್ ಮಾಡಲು ದಾರಿಯೇ ಇರಲಿಲ್ಲ. ಎರಡನೇ ಭಾಷೆಯ ಕಷ್ಟ ಅಂದರೆ ಇದೇ.

ಕನ್ನಡದಲ್ಲಿ ಗೇಮ್ ಮಾಡುವವರು ಇದನ್ನು ಗಮನಿಸಲೇಬೇಕು. ಹಳೆಯ ಗೋಡೋ 3ರಲ್ಲಿ 'ಶಕ್ತಿ' ಅಂತ ಲೇಬಲ್ಲಿಗೆ ಹಾಕಿದರೆ ತ ಒತ್ತು ಕೆಳಗೆ ಇಳಿಯುತ್ತಿರಲಿಲ್ಲ. ಕ್ ಬೇರೆ, ತಿ ಬೇರೆ ಆಗಿ ಒಡೆದು ನಿಲ್ಲುತ್ತಿತ್ತು. 4.0ದಲ್ಲಿ ಅಕ್ಷರ ಜೋಡಿಸುವ ಹಾರ್ಫ್‌ಬಝ್ ಬಂತು. ಈಗ ಒಂದು ಕನ್ನಡ ಫಾಂಟ್ ಹಾಕಿದರೆ ಒತ್ತಕ್ಷರ ಸರಿಯಾಗಿ ಕೂರುತ್ತದೆ. ವೇರಿಯಬಲ್ಲಿಗೆ 'ವೇಗ' ಅಂತಲೇ ಹೆಸರಿಟ್ಟರೂ ನಡೆಯುತ್ತದೆ. ಮಕ್ಕಳಿಗೆ ಕೋಡಿಂಗ್ ಹೇಳಿಕೊಡುವವರು ಇದನ್ನು ಸುಮ್ನೆ ಬಿಡಬಾರದು ಅಂತ ನನಗೆ ತುಂಬಾ ಅನ್ನಿಸುತ್ತದೆ.

ಇನ್ನು ಲೈಸೆನ್ಸ್. 2023ರ ಸೆಪ್ಟೆಂಬರಿನಲ್ಲಿ ಯೂನಿಟಿ, ಒಂದು ಮಿತಿ ದಾಟಿದ ಗೇಮ್‌ಗಳಿಗೆ ಪ್ರತಿ ಇನ್‌ಸ್ಟಾಲ್‌ಗೂ ಶುಲ್ಕ ಅಂತ ಘೋಷಿಸಿತು. ದೊಡ್ಡ ಗಲಾಟೆಯಾಯಿತು. ಒಂದು ವರ್ಷದ ಮೇಲೆ ಅದನ್ನು ಪೂರ್ತಿ ಹಿಂದಕ್ಕೆ ತೆಗೆದುಕೊಂಡರು. ಗೋಡೋಗೆ ಇರುವುದು ಎಂಐಟಿ ಲೈಸೆನ್ಸ್, ಅಂದರೆ ಯಾರು ಬೇಕಾದರೂ ಉಚಿತವಾಗಿ ಬಳಸಬಹುದು, ಬದಲಿಸಬಹುದು. ನಾಳೆ ಯಾರು ಏನೇ ನಿರ್ಧರಿಸಲಿ, ನಿಮ್ಮ ಕೈಯಲ್ಲಿರುವ ಆವೃತ್ತಿ ನಿಮ್ಮದೇ.

ಕೆಲಸ ಬೇಕು ಅನ್ನುವವರ ಲೆಕ್ಕ ಬೇರೆ. ಬೆಂಗಳೂರಿನ ಮೊಬೈಲ್ ಗೇಮ್ ಕಂಪನಿಗಳ ಜಾಹೀರಾತು ನೋಡಿ, ಜಾಸ್ತಿ ಕಾಣುವುದು ಯೂನಿಟಿ ಮತ್ತು ಸಿ ಶಾರ್ಪ್. ಆರು ತಿಂಗಳಲ್ಲಿ ಇಂಟರ್‌ವ್ಯೂಗೆ ಕೂರಬೇಕಾದವರು ಅದನ್ನೇ ಕಲಿಯಿರಿ. ಅಲ್ಲೂ ನನ್ನ ಮಾತು ಅದೇ: ಸಿ ಶಾರ್ಪ್ ಯೂನಿಟಿಯ ಮೊದಲ ಭಾಷೆ.

ಗೋಡೋ ಶುರು ಮಾಡುವವರು ಟ್ಯುಟೋರಿಯಲ್ ನೋಡುವಾಗ ಆವೃತ್ತಿ ನೋಡಿಕೊಳ್ಳಿ. ಪಾತ್ರವನ್ನು ಓಡಾಡಿಸುವ ನೋಡಿಗೆ ಕೈನಮ್ಯಾಟಿಕ್‌ಬಾಡಿ ಅಂತ ಹೇಳಿಕೊಡುತ್ತಿದ್ದರೆ ಅದು ಹಳೇ 3ರ ಪಾಠ. 4ರಲ್ಲಿ ಅದರ ಹೆಸರು ಕ್ಯಾರೆಕ್ಟರ್‌ಬಾಡಿ. ಕೋಡಿನಲ್ಲಿ ಕಾಯಿಸಲು 'ಯೀಲ್ಡ್' ಇದ್ದ ಕಡೆ ಈಗ 'ಅವೇಟ್' ಬರೆಯಬೇಕು.